ನಮ್ಮ ಮನೆಯ ಕಾಳಿ

ನಮ್ಮ ಭಾಷೆ ನಾಯಿಗೆ ಮಾಡಿರುವಷ್ಟು ಅನ್ಯಾಯವನ್ನು ಬಹುಶಃ ಬೇರೆ ಯಾವ ಪ್ರಾಣಿಗೂ ಮಾಡಿಲ್ಲ. ಸಿಟ್ಟು ಬಂದೊಡನೆ ನಾಲಗೆಯ ತುದಿಗೆ ಬರುವ ಪ್ರಾಣಿ ಅದೇ. ತಿದ್ದಲಾಗದ ಸ್ವಭಾವಕ್ಕೆ ಅದರ ಬಾಲವನ್ನು ಉದಾಹರಿಸುತ್ತೇವೆ. ನೆಲೆಯಿಲ್ಲದ ಬಾಳಿಗೆ ಅಗಸನ ಮನೆಯ ನಾಯಿಯನ್ನು ನೆನೆಯುತ್ತೇವೆ. ಹಸಿವಿನ ದೈನ್ಯವನ್ನು ಹೇಳಬೇಕಾದರೆ ಹಳಸಿದ ಅನ್ನದ ಮುಂದೆ ಅದನ್ನೇ ಕೂಡಿಸುತ್ತೇವೆ. ಎತ್ತಿಗೆ ಕಾರಹುಣ್ಣಿವೆ ಇದೆ, ಮಣ್ಣೆತ್ತಿನ ಅಮಾವಾಸ್ಯೆ ಇದೆ. ಕಚ್ಚಿ ಕೊಲ್ಲಬಲ್ಲ ಹಾವಿಗೂ ಪಂಚಮಿಯ ದಿನ ಹಾಲೆರೆಯುತ್ತೇವೆ. ನಾಯಿಗೆ ಮಾತ್ರ ನಮ್ಮ ಪಂಚಾಂಗದಲ್ಲಿ ಒಂದು ದಿನವೂ ಇಲ್ಲ. ನೇಪಾಳದವರು ನಮಗಿಂತ ಉದಾರಿಗಳು. ಅವರ ತಿಹಾರ್ ಹಬ್ಬದಲ್ಲಿ ಒಂದು ದಿನ ನಾಯಿಗೇ ಮೀಸಲು. ಅಂದು ಅದರ ಕೊರಳಿಗೆ ಹೂಮಾಲೆ ಹಾಕಿ, ಹಣೆಗೆ ತಿಲಕವಿಟ್ಟು ಉಣಬಡಿಸುತ್ತಾರೆ.

ಒಮ್ಮೆ ತರಗತಿಯಲ್ಲಿ ಗಾದೆಗಳ ಪಾಠ ನಡೆದಿತ್ತು. ಕಬ್ಬಿನ ಸೀಮೆಯ ರೈತನ ಮಗನೊಬ್ಬ ಎದ್ದು ನಿಂತು, “ಸರ, ನಾಯಿ ರಾತ್ರಿಯೆಲ್ಲಾ ಹೊಲಾ ಕಾಯತೈತ್ರಿ. ನಿಯತ್ತು ಅಂದ್ರ ನಾಯೀದು ಅಂತ ನಾವ ಅಂತೀವಿ. ಮತ್ತ ಬೈಯಾಕೂ ಅದರ ಹೆಸರ ಯಾಕ್ರಿ?” ಎಂದು ಕೇಳಿದ. ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ಅತಿ ಸಮೀಪದಲ್ಲಿರುವುದನ್ನು ಹಗುರವಾಗಿ ಕಾಣುವುದು ಮನುಷ್ಯನ ಹಳೆಯ ಚಾಳಿ. ದೂರದ ಸಿಂಹಕ್ಕೆ ಸಿಂಹಾಸನ ಸಿಕ್ಕಿತು, ಹೊಸ್ತಿಲಲ್ಲಿ ಮಲಗಿದ ನಾಯಿಗೆ ಬೈಗುಳ ಉಳಿಯಿತು. ಆದರೂ ಕನ್ನಡಿಗರು ಎಲ್ಲ ಕಾಲದಲ್ಲಿಯೂ ಹೀಗೆಯೇ ನಡೆದುಕೊಂಡರೆಂದು ತಿಳಿಯಬೇಕಾಗಿಲ್ಲ. ಆ ಹುಡುಗನಿಗೆ ನಾನು ಉತ್ತರವಾಗಿ ಹೇಳಿದ್ದು ಆತಕೂರಿನ ಕಲ್ಲಿನ ಕಥೆಯನ್ನು.

ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಇದೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನೂ ಅವನಿಗೆ ನೆರವಾದ ಗಂಗರ ಬೂತುಗನೂ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ ಸಂಗತಿಯನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಬಲ್ಲರು. ಆ ಯುದ್ಧದಲ್ಲಿ ಪರಾಕ್ರಮ ಮೆರೆದವನು ಬೂತುಗನ ಕಡೆಯ ಮಣಲೆರ. ಮೆಚ್ಚಿದ ಚಕ್ರವರ್ತಿ ಬೇಕಾದುದನ್ನು ಬೇಡಿಕೊಳ್ಳೆಂದನು. ಮಣಲೆರ ಹೊನ್ನನ್ನು ಬೇಡಲಿಲ್ಲ. ರಾಜನ ಬಳಿಯಿದ್ದ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಬೆಳತೂರಿನ ಗುಡ್ಡದ ಕಡೆ ಆ ನಾಯಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಕಾದಾಡಿ ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟುಕೊಟ್ಟನು. ಅಲ್ಲಿಯ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪ ತಟ್ಟುವುದೆಂಬ ಕಟ್ಟಳೆಯನ್ನೂ ಬರೆಯಿಸಿದನು. ನಾಯಿ ಹಂದಿಯ ಮೇಲೆ ಬಿದ್ದಿರುವ ಚಿತ್ರವನ್ನು ಹೊತ್ತ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೋಳ-ರಾಷ್ಟ್ರಕೂಟರ ಯುದ್ಧಕ್ಕೆ ಇತಿಹಾಸಕಾರರು ಆಧಾರವಾಗಿ ಹಿಡಿಯುವ ಶಾಸನ, ಮೂಲದಲ್ಲಿ, ಒಂದು ನಾಯಿಯ ನೆನಪಿಗಾಗಿ ನೆಟ್ಟ ಕಲ್ಲಿಗೆ ಸೇರಿದ್ದು.

ಈ ಶಾಸನದ ಕಾಲ ಶಕವರ್ಷ ೮೭೨, ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. ೯೪೯-೫೦. ಸೌಮ್ಯ ಎಂಬ ಹೆಸರು ಕೇಳಿದೊಡನೆ ಕನ್ನಡ ಪಾಠ ಹೇಳುವವರ ಕಿವಿ ನಿಮಿರಬೇಕು. ಕವಿ ರನ್ನನು ತಾನು ಹುಟ್ಟಿದುದು ಸೌಮ್ಯ ಸಂವತ್ಸರದಲ್ಲಿ ಎಂದು ಅಜಿತಪುರಾಣದಲ್ಲಿ ಹೇಳಿಕೊಂಡಿದ್ದಾನೆ. ಅದು ಇದೇ ಸೌಮ್ಯ. ಬಳೆಗಾರರ ಮನೆಯ ಆ ಕೂಸು ಹುಟ್ಟಿದ ಊರು ನಮ್ಮ ನೆರೆಯ ಮುಧೋಳ. ಹೀಗೆ, ಮುಧೋಳಕ್ಕೆ ಕವಿಯೊಬ್ಬ ದೊರೆತ ಸಂವತ್ಸರದಲ್ಲಿಯೇ ಕನ್ನಡನಾಡಿನ ಇನ್ನೊಂದು ತುದಿಯಲ್ಲಿ ನಾಯಿಯೊಂದಕ್ಕೆ ಕಲ್ಲು ನಿಂತಿತು. ಇದು ಕೇವಲ ಕಾಕತಾಳೀಯ ನಿಜ. ಆದರೆ ಇಂದು ಹೊರಗಿನವರ ಮುಂದೆ ಮುಧೋಳದ ಹೆಸರೆತ್ತಿದರೆ ಅವರ ನೆನಪಿಗೆ ಬರುವುವು ಎರಡೇ: ಒಂದು ರನ್ನ, ಇನ್ನೊಂದು ನಾಯಿ. ಕಾಕತಾಳೀಯಕ್ಕೂ ಒಂದು ಸೊಗಸಿರುತ್ತದೆ.

ಮುಧೋಳದ ನಾಯಿಯನ್ನು ಬಲ್ಲವರು ನಮ್ಮ ಜಮಖಂಡಿ, ಬೀಳಗಿ, ಬನಹಟ್ಟಿಗಳ ಕಡೆ ಹಳ್ಳಿಹಳ್ಳಿಗೂ ಇದ್ದಾರೆ. ಮಧ್ಯ ಏಷ್ಯ, ಪಾರಸಿಕ ದೇಶಗಳ ಕಡೆಯಿಂದ ವ್ಯಾಪಾರಿಗಳೂ ಸೈನಿಕರೂ ತಂದ ಬೇಟೆನಾಯಿಗಳು ದಖ್ಖನದಲ್ಲಿ ನೆಲೆನಿಂತು ಈ ತಳಿಯಾಯಿತೆಂದು ಹೇಳುತ್ತಾರೆ. ಕಾರವಾನಿ ಎಂಬ ಹೆಸರು ಆ ಸಾರ್ಥವಾಹರ ನೆನಪನ್ನು ಇಂದಿಗೂ ಹೊತ್ತಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆರಿಸಿ ಬೆಳೆಸಿದರು. ಒಂದು ಜೋಡಿ ನಾಯಿಗಳನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟ ಮೇಲೆ ಮುಧೋಳದ ಹೆಸರೇ ನಾಯಿಗೂ ನಿಂತಿತು. ೧೯೪೮ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನಾಯಿ ಮಾತ್ರ ಅರಮನೆಯಿಂದಿಳಿದು ರೈತರ ತೋಟಗಳಲ್ಲಿ ಜೋಳದ ನುಚ್ಚು, ಮಜ್ಜಿಗೆ ಉಂಡು ಉಳಿದುಕೊಂಡಿತು. ಭಾರತೀಯ ಅಂಚೆ ಇಲಾಖೆ ೨೦೦೫ರಲ್ಲಿ ದೇಶೀ ನಾಯಿಗಳ ಅಂಚೆಚೀಟಿಗಳನ್ನು ತಂದಾಗ ಇದರದೂ ಒಂದು ಚೀಟಿಯಿತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನ ಕೇಂದ್ರವಿದೆ. ೨೦೧೬ರಲ್ಲಿ ಇಲ್ಲಿಯ ಮರಿಗಳನ್ನು ಸೈನ್ಯದವರು ತರಬೇತಿಗಾಗಿ ಮೇರಠಕ್ಕೆ ಒಯ್ದರು.

ಇಷ್ಟು ಕೀರ್ತಿಯ ವಂಶಕ್ಕೆ ಸೇರಿದ್ದು ಸಾವಳಗಿಯ ನಮ್ಮ ಮನೆಯ ನಾಯಿ. ಆದರೆ ಅದು ನಮ್ಮಲ್ಲಿಗೆ ಬಂದದ್ದು ಕೀರ್ತಿಯ ದೆಸೆಯಿಂದಲ್ಲ. ಹಿಂಗಾಲೊಂದು ತುಸು ಸೊಟ್ಟಗಿದ್ದ ದೆಸೆಯಿಂದ. ಮುಧೋಳದ ಕಡೆಯ ನಮ್ಮ ಬೀಗರೊಬ್ಬರ ತೋಟದಲ್ಲಿ ಮರಿ ಹಾಕಿದಾಗ ನೆಟ್ಟಗಿದ್ದವಕ್ಕೆಲ್ಲ ಬೇರೆ ಬೇರೆ ಊರುಗಳಿಂದ ಗಿರಾಕಿಗಳು ಬಂದರು. ಇದೊಂದು ಉಳಿಯಿತು. “ಇದನ್ನ ಯಾರೂ ಒಯ್ಯಂಗಿಲ್ರಿ, ನೀವ ತಗೊಂಡ ಹೋಗ್ರಿ” ಎಂದರು. ಹಾಗೆ ಬಂತು. ಆತಕೂರಿನ ನೆನಪಿಗಾಗಿ ‘ಕಾಳಿ’ ಎಂದು ಹೆಸರಿಟ್ಟೆವು. ಮೈಬಣ್ಣ ಮಾತ್ರ ಬಿಳಿಜೋಳದ್ದು. “ಬೆಳ್ಳನ್ನ ನಾಯಿಗೆ ಕಾಳಿ ಅಂತ ಹೆಸರಿಟ್ಟೀರಲ್ರಿ, ಇದೆಂಥಾ ಕನ್ನಡಾರೀ ಸರ?” ಎಂದು ಓಣಿಯವರು ಇಂದಿಗೂ ಕೇಳುತ್ತಾರೆ.

ನಮ್ಮ ತಂದೆ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಮಾಸ್ತರಿಕೆ ಮಾಡಿದವರು. ನಾಯಿ ಅಂಗಳದ ಪ್ರಾಣಿ, ಹೊಸ್ತಿಲು ದಾಟಬಾರದು ಎಂಬುದು ನಮ್ಮ ಮನೆಯ ಹಳೆಯ ನಿಯಮ; ಅದನ್ನು ಕಟ್ಟುನಿಟ್ಟಾಗಿ ನಡೆಯಿಸಿದವರು ನಮ್ಮ ತಾಯಿ. ಆಕೆ ತೀರಿಕೊಂಡು ಒಂದು ವರ್ಷವಾಗಿತ್ತು. ಆ ವರ್ಷದಲ್ಲಿ ತಂದೆಯವರ ಮಾತು ನಿಂತೇಹೋಗಿತ್ತೆಂದರೂ ಸಲ್ಲುತ್ತದೆ. ಉಂಡಿರಾ ಎಂದರೆ ಹೂಂ. ಗುಳಿಗೆ ತೆಗೆದುಕೊಂಡಿರಾ ಎಂದರೆ ಹೂಂ. ಅಂಗಡಿಯ ಕಟ್ಟೆಗೆ ಹೋಗುವುದನ್ನು ಬಿಟ್ಟರು. ಓದು ಬಿಟ್ಟರು. ಪಡಸಾಲೆಯ ಕಂಬಕ್ಕೊರಗಿ ಕುಳಿತರೆಂದರೆ ಬಿಸಿಲು ಅಂಗಳದ ಈ ತುದಿಯಿಂದ ಆ ತುದಿಗೆ ಸರಿದರೂ ಅವರು ಕದಲುತ್ತಿರಲಿಲ್ಲ. ಮಕ್ಕಳಾದ ನಾವು ಎಷ್ಟು ಮಾತನಾಡಿಸಿದರೂ ಅದು ಸಮಾಧಾನದ ಮಾತೆಂಬುದು ಅವರಿಗೆ ಗೊತ್ತಾಗುತ್ತಿತ್ತು. ಗೊತ್ತಾದ ಸಮಾಧಾನ ಹೆಚ್ಚು ದೂರ ನಡೆಯಲಾರದು.

ಮರಿ ಬಂದ ಮೊದಲ ಎಂಟು ದಿನ ಅವರು ಅದಕ್ಕೆ “ಹಚಾ” ಎನ್ನುವುದರ ಹೊರತು ಬೇರೆ ಮಾತಾಡಲಿಲ್ಲ. ಒಂಬತ್ತನೆಯ ರಾತ್ರಿ ಮಳೆ ಹಿಡಿದುಕೊಂಡಿತು. ಕೊಟ್ಟಿಗೆಯ ಕಡೆಯಿಂದ ಮರಿಯ ಕುಂಯಿಗುಟ್ಟುವಿಕೆ ಕೇಳಿಸುತ್ತಿತ್ತು, ಆಮೇಲೆ ನಿಂತಿತು. ಬೆಳಿಗ್ಗೆ ನೋಡಿದರೆ ತಂದೆಯವರ ಕೌದಿಯ ತುದಿಯಲ್ಲಿ ಅದು ಮುದುಡಿ ಮಲಗಿದೆ. ನಾನು ಏನನ್ನೂ ಕೇಳಲಿಲ್ಲ. ಅವರೇ, “ಥಂಡಿ ಭಾಳ ಇತ್ತು” ಎಂದಷ್ಟೇ ಹೇಳಿ ಮುಖ ತೊಳೆಯಲು ಎದ್ದುಹೋದರು.

ಈ ಜಾತಿಯ ನಾಯಿಗೆ ಓಟ ಬೇಕು. ಉದ್ದನೆಯ ಮೋರೆ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ಕೋಲಿನಂಥ ಕಾಲು, ಇವೆಲ್ಲ ಓಡುವುದಕ್ಕಾಗಿಯೇ ಆದ ಕಟ್ಟು. ವಾಸನೆ ಹಿಡಿದು ಸುತ್ತುವ ನಾಯಿಯಲ್ಲ ಇದು. ಕಣ್ಣಿಗೆ ಬಿದ್ದುದನ್ನು ಬೆನ್ನಟ್ಟುವ ನಾಯಿ. ಸೊಟ್ಟಗಾಲಿನ ಕಾಳಿಗೂ ಬೆಳಗಾದರೆ ಹೊರಗೆ ಹೋಗಲೇಬೇಕು. ನಾನು ಕಾಲೇಜಿನ ಗಡಿಬಿಡಿಯಲ್ಲಿದ್ದ ದಿನ ಅದು ತಂದೆಯವರ ಮುಂದೆ ಹೋಗಿ ನಿಂತು ಮುಖ ನೋಡಿತು. ಅವರು ಕೋಲು ತೆಗೆದುಕೊಂಡು ಎದ್ದರು. ವರ್ಷದ ಮೇಲೆ ಅವರು ಓಣಿಗೆ ಇಳಿದದ್ದು ಅಂದು.

ನಾಯಿಯೊಡನೆ ಹೊರಟವನನ್ನು ಯಾರೂ ಸುಮ್ಮನೆ ದಾಟಿಹೋಗಲು ಬಿಡುವುದಿಲ್ಲ. ಒಬ್ಬಂಟಿಯಾದ ಮುದುಕನನ್ನು ಕಂಡರೆ ಏನು ಮಾತಾಡಬೇಕೆಂದು ತೋಚದ ಜನ ನಾಯಿಯನ್ನು ನೆಪಮಾಡಿಕೊಂಡು ನಿಂತರು. “ಮಾಸ್ತರ, ನಾಯಿ ಭಾಳ ಸೊರಗೇತ್ರೀ, ಉಣ್ಣಾಕ ಹಾಕಂಗಿಲ್ಲೇನು?” ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದೇ ತಡ, ತಂದೆಯವರೊಳಗಿನ ಮಾಸ್ತರು ಎಚ್ಚತ್ತರು. “ಸೊರಗಿಲ್ಲೋ ತಮ್ಮಾ, ಅದರ ಜಾತೀನ ಹಂಗ. ಹೊಟ್ಟಿ ಬೆನ್ನಿಗೆ ಹತ್ತೇ ಇರಬೇಕು. ಅಂದ್ರನ ಓಡತೈತಿ” ಎಂದು ಆರಂಭವಾದ ಪಾಠ ಅಂಗಡಿಯ ಕಟ್ಟೆಯವರೆಗೂ ನಡೆಯಿತಂತೆ. ಅಂದಿನಿಂದ ದಿನಕ್ಕೆ ಎರಡು ಸಲ, ಬೆಳಗಿನ ಐದೂವರೆಗೆ ಮತ್ತು ಸಂಜೆ ದೀಪ ಹಚ್ಚುವ ಮುಂಚೆ, ಅವರ ಸವಾರಿ ತಪ್ಪಿಲ್ಲ. ವೈದ್ಯರು ಎಷ್ಟು ಹೇಳಿದರೂ ನಡೆಯದ ಕಾಲುಗಳು ನಾಯಿ ಬಾಗಿಲಲ್ಲಿ ನಿಂತು ತಿರುಗಿ ನೋಡಿದರೆ ಎದ್ದುಬಿಡುತ್ತವೆ.

ಒಂದು ಮಧ್ಯಾಹ್ನ ನಾನು ಒಳಕೋಣೆಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಪಡಸಾಲೆಯಲ್ಲಿ ತಂದೆಯವರು ಯಾರೊಡನೆಯೋ ಮಾತನಾಡುವ ದನಿ ಕೇಳಿಸಿತು. ಇಣುಕಿದರೆ ಕಾಳಿಯ ಹೊರತು ಯಾರೂ ಇಲ್ಲ. “ಆಕಿ ಇದ್ದಿದ್ರ ನಿನ್ನ ಒಳಗ ಬಿಡತಿದ್ದಿಲ್ಲ ನೋಡ. ಕಸಬರಗಿ ತಗೊಂಡ ಬರತಿದ್ಲು” ಎನ್ನುತ್ತಿದ್ದರು, ಎಂದು ಸಣ್ಣಗೆ ನಗುತ್ತಿದ್ದರು. ತಾಯಿಯವರು ಹೋದ ಮೇಲೆ ಅವರ ಬಾಯಲ್ಲಿ ಆಕೆಯ ಸುದ್ದಿಯನ್ನು ನಾನು ಕೇಳಿದ್ದು ಅದೇ ಮೊದಲು. ಎದುರಿಗಿದ್ದವನು ನಾನಾಗಿದ್ದರೆ ಆ ಮಾತು ಹೊರಬೀಳುತ್ತಿರಲಿಲ್ಲ. ಮಗನು ಕೇಳಿದರೆ ಮಗನು ನೊಂದಾನೆಂಬ ಭಯ; ನೆರೆಯವರು ಕೇಳಿದರೆ ಕನಿಕರಿಸಿಯಾರೆಂಬ ಸಂಕೋಚ. ನಾಯಿ ಕೇಳುತ್ತದೆ, ಉತ್ತರ ಕೊಡುವುದಿಲ್ಲ, ಉಪದೇಶ ಮಾಡುವುದಿಲ್ಲ, ಮರುದಿನ ಮತ್ತೊಬ್ಬರಿಗೆ ಹೇಳುವುದಿಲ್ಲ. ದುಃಖಕ್ಕೆ ಇಂಥ ಕಿವಿ ಸಿಕ್ಕುವುದು ದುರ್ಲಭ.

ನಾಯಿಗೆ ಏನು ತಿಳಿಯುತ್ತದೆ ಎಂದು ನಗುವವರೂ ಇದ್ದಾರೆ. ಅವರಿಗಾಗಿ ಎರಡು ಮಾತು. ಜಪಾನಿನ ವಿಜ್ಞಾನಿಗಳು ೨೦೧೫ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಂತೆ, ನಾಯಿಯೂ ಅದರ ಒಡೆಯನೂ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡುತ್ತ ಕುಳಿತಾಗ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದೆ. ತಾಯಿಗೂ ಹಸುಗೂಸಿಗೂ ನಡುವಣ ಮಮತೆಯ ಹಿಂದೆ ಕೆಲಸ ಮಾಡುವ ರಸವೂ ಇದೇ. ಕೈಯಲ್ಲೇ ಸಾಕಿದ ತೋಳಗಳಲ್ಲಿ ಇದು ಕಂಡುಬರಲಿಲ್ಲವಂತೆ. ಮರುವರ್ಷ ಹಂಗೆರಿಯ ಬುಡಾಪೆಸ್ಟ್ ನಗರದಲ್ಲಿ ನಾಯಿಗಳ ಮಿದುಳನ್ನು ಪರೀಕ್ಷಿಸಿದವರು ಇನ್ನೊಂದು ಸಂಗತಿಯನ್ನು ಕಂಡರು. ಹೊಗಳಿಕೆಯ ಪದವೂ ಹೊಗಳಿಕೆಯ ದನಿಯೂ ಕೂಡಿ ಬಂದಾಗಲೇ ಅದರ ಮಿದುಳಿನಲ್ಲಿ ಸಂತೋಷದ ನೆಲೆ ಹೆಚ್ಚು ಚುರುಕಾಗುತ್ತದೆ. ಬರಿಯ ಪದಕ್ಕೂ ಅಲ್ಲ, ಬರಿಯ ದನಿಗೂ ಅಲ್ಲ. ಶಬ್ದಾರ್ಥಗಳು ಒಂದಾದಲ್ಲಿ ಕಾವ್ಯವೆಂದ ನಮ್ಮ ಆಲಂಕಾರಿಕರು ಇದನ್ನು ಕೇಳಿದ್ದರೆ ಮೆಚ್ಚುತ್ತಿದ್ದರು. ನನ್ನ ಕೆಲವು ವಿದ್ಯಾರ್ಥಿಗಳಿಗಿಂತ ಕಾಳಿ ಒಳ್ಳೆಯ ಸಹೃದಯಳೆಂದು ನಾನು ತರಗತಿಯಲ್ಲಿ ಹೇಳುವುದುಂಟು, ಅವರೂ ಬೇಸರಿಸಿಲ್ಲ.

ಈ ನಂಟು ಇಂದು ನಿನ್ನೆಯದಲ್ಲ. ಜರ್ಮನಿಯ ಬಾನ್ ನಗರದ ಬಳಿ ಸುಮಾರು ಹದಿನಾಲ್ಕು ಸಾವಿರ ವರ್ಷಗಳ ಹಿಂದೆ ಮನುಷ್ಯರೊಡನೆ ಹೂಳಿದ ನಾಯಿಯ ಎಲುಬುಗಳು ಸಿಕ್ಕಿವೆ. ದನ, ಕುರಿ, ಕುದುರೆಗಳು ನಮ್ಮೊಡನೆ ಬರುವ ಮುಂಚೆಯೇ, ಬೇಸಾಯ ಆರಂಭವಾಗುವ ಮುಂಚೆಯೇ ನಾಯಿ ಬಂದಿತ್ತು. ಧರ್ಮರಾಜನು ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಒಳಗೆ ಬರಲೊಲ್ಲೆನೆಂದುದು ಎಲ್ಲರಿಗೂ ಗೊತ್ತು. ಗಾಣಗಾಪುರಕ್ಕೆ ನಡೆದುಕೊಳ್ಳುವ ನಮ್ಮ ಸೀಮೆಯ ಭಕ್ತರ ಮನೆಗಳಲ್ಲಿ ದತ್ತಾತ್ರೇಯನ ಪಟವಿದ್ದರೆ ಅವನ ಪಾದದ ಬಳಿ ನಾಲ್ಕು ನಾಯಿಗಳಿರುತ್ತವೆ. ಮೈಲಾರಲಿಂಗನ ಸಂಪ್ರದಾಯದ ವಗ್ಗಯ್ಯರು ತಮ್ಮನ್ನು ದೇವರ ನಾಯಿಗಳೆಂದೇ ಕರೆದುಕೊಂಡು ಬೊಗಳುತ್ತ ಸೇವೆ ಸಲ್ಲಿಸುತ್ತಾರೆ. ಬೈಗುಳವಾದ ಹೆಸರನ್ನೇ ಭಕ್ತಿಯ ಹೆಸರಾಗಿ ಎತ್ತಿಕೊಂಡ ಜನ ಅವರು. ಟೋಕಿಯೋದ ಪ್ರಾಧ್ಯಾಪಕರೊಬ್ಬರು ೧೯೨೫ರಲ್ಲಿ ತೀರಿಕೊಂಡ ಮೇಲೆ ಅವರ ನಾಯಿ ಹಾಚಿಕೊ ತಾನು ಸಾಯುವ ೧೯೩೫ರವರೆಗೂ ಶಿಬುಯಾ ರೈಲು ನಿಲ್ದಾಣದಲ್ಲಿ ಅವರ ದಾರಿ ಕಾಯಿತು. ಪಾಠ ಹೇಳುವವರ ಪೈಕಿ ಇಷ್ಟು ದೀರ್ಘವಾಗಿ ನೆನೆಯಲ್ಪಟ್ಟವರು ವಿರಳ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಬರೆಹ ಏಕಪಕ್ಷೀಯವಾದೀತು. ನಾಯಿಗೆ ಅಂಜುವ ತಾಯಂದಿರ ಅಂಜಿಕೆ ಸುಳ್ಳಲ್ಲ. ಹುಚ್ಚುನಾಯಿ ಕಡಿತದ ರೋಗ ಒಮ್ಮೆ ತಲೆದೋರಿತೆಂದರೆ ಬದುಕುವುದು ಬಹುತೇಕ ಅಸಾಧ್ಯ. ಲೂಯಿ ಪಾಶ್ಚರನು ೧೮೮೫ರಲ್ಲಿ ಹುಡುಗನೊಬ್ಬನಿಗೆ ಲಸಿಕೆ ಹಾಕಿ ಉಳಿಸಿದಂದಿನಿಂದ ತಡೆಗಟ್ಟುವ ದಾರಿ ಮಾತ್ರ ನಮ್ಮ ಕೈಯಲ್ಲಿದೆ. ನಾಯಿ ಕಡಿದರೆ ಅರಿಸಿನ, ಸುಣ್ಣ, ಮಂತ್ರಗಳ ಮೊರೆಹೋಗದೆ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಕೂಡಲೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಸಾಕಿದ ನಾಯಿಗೆ ವರ್ಷ ವರ್ಷ ಲಸಿಕೆ ಹಾಕಿಸಬೇಕು. ಇಷ್ಟನ್ನು ಮಾಡಲಾರದವರು ನಾಯಿ ಸಾಕುವ ಹಕ್ಕನ್ನು ಪಡೆದವರಲ್ಲ.

ಮುಧೋಳದ ನಾಯಿಯ ಮಟ್ಟಿಗೆ ಇನ್ನೂ ಎರಡು ಮಾತುಗಳಿವೆ. ಇದು ಬೇಟೆಯ ವಂಶ; ಆದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಮೊಲದ ಬೇಟೆ ಅಪರಾಧ. ನಮ್ಮ ಬೀಳಗಿಯ ಕಡೆ ಯಡಹಳ್ಳಿಯಲ್ಲಿ ಚಿಂಕಾರಗಳಿಗೆಂದೇ ಅಭಯಾರಣ್ಯವಿದೆ. ಅಂಥಲ್ಲಿ ನಾಯಿಯ ಸರಪಣಿ ಬಿಚ್ಚುವವನು ತನ್ನ ನಾಯಿಯ ಹೆಸರನ್ನೇ ಕೆಡಿಸಿದಂತೆ. ಇನ್ನೊಂದು, ಈ ತಳಿಗೆ ಬಂದ ಕೀರ್ತಿಯೇ ಅದಕ್ಕೆ ಕಂಟಕವಾಗುವ ಸಂಭವ. ಚಿತ್ರ ನೋಡಿ ಮೆಚ್ಚಿ, ಪಟ್ಟಣದ ಮೂರನೆಯ ಅಂತಸ್ತಿನ ಮನೆಗೆ ಮರಿಯನ್ನು ಒಯ್ಯುವವರು ಅದು ಓಡಬೇಕಾದ ಪ್ರಾಣಿಯೆಂಬುದನ್ನು ಮರೆಯುತ್ತಾರೆ. ಗಾಳಿಯಂತೆ ಹರಿಯಬೇಕಾದುದನ್ನು ಗೇಣುದ್ದದ ಸರಪಣಿಗೆ ಕಟ್ಟಿದರೆ ಅದು ಮುಂಗೋಪಿಯಾಗುತ್ತದೆ. ಆಗ ಬೇಡವೆಂದು ಬಿಟ್ಟುಬಿಡುತ್ತಾರೆ. ನಮ್ಮ ರೈತರಿಗೆ ಮರಿ ಮಾರಾಟದಿಂದ ನಾಲ್ಕು ಕಾಸು ಬರುವುದು ಒಳ್ಳೆಯದೇ. ಆದರೆ ಕೊಳ್ಳುವವನಿಗೆ ಬಯಲಿದೆಯೆ, ಹೊತ್ತಿದೆಯೆ ಎಂದು ಕೇಳಿ ಕೊಡುವುದೂ ಆ ವ್ಯಾಪಾರದ ಒಂದು ಭಾಗವಾಗಬೇಕು. ದಿನಕ್ಕೆ ಒಂದು ತಾಸು ಬಿಡುವಿಲ್ಲದವರಿಗೆ ಓಣಿಯ ಸಾಧಾರಣ ನಾಯಿಮರಿಯೇ ಮೇಲು; ಅದರ ಪ್ರೀತಿಗೆ ವಂಶಾವಳಿಯ ಅಗತ್ಯವಿಲ್ಲ.

ನಾಯಿಯ ಆಯುಷ್ಯ ಹತ್ತು ಹನ್ನೆರಡು ವರ್ಷ, ಹೆಚ್ಚೆಂದರೆ ಇನ್ನೆರಡು. ಸಾಕುವವನು ಅಗಲಿಕೆಯನ್ನು ಮೊದಲೇ ಒಪ್ಪಿಕೊಂಡು ಸಾಕಬೇಕು. ಕಾಳಿಗೆ ಈಗ ಏಳು ತುಂಬಿದೆ, ತಂದೆಯವರಿಗೆ ಎಂಬತ್ತೊಂದು. ಇವರಲ್ಲಿ ಯಾರು ಯಾರಿಗಾಗಿ ಕಾಯುವರೋ ಎಂಬ ಯೋಚನೆ ನನ್ನನ್ನು ಒಮ್ಮೊಮ್ಮೆ ಬಾಧಿಸುತ್ತದೆ. ಅವರಿಬ್ಬರಿಗೆ ಆ ಯೋಚನೆಯಿದ್ದಂತೆ ಕಾಣುವುದಿಲ್ಲ. ನಾಳೆ ಬೆಳಿಗ್ಗೆ ಐದೂವರೆಗೆ ಹೊರಡುವುದು ಅವರಿಗೆ ನಿಶ್ಚಿತ. ಅದಕ್ಕಿಂತ ಮುಂದಿನದು ಬೇಕಾಗಿಲ್ಲ. ನಾಳೆಯ ಚಿಂತೆಯಿಲ್ಲದೆ ಇಂದಿನ ದಿನವನ್ನು ಪೂರ್ತಿ ಬದುಕುವ ಈ ವಿದ್ಯೆಯನ್ನು ತಂದೆಯವರು ಕಲಿತದ್ದು ಎಂಬತ್ತರ ಹತ್ತಿರ ಬಂದ ಮೇಲೆ, ಸೊಟ್ಟಗಾಲಿನ ಗುರುವಿನ ಬಳಿ.

ನಮ್ಮ ಮನೆಯಲ್ಲಿ ಮಧ್ಯಾಹ್ನ ಗಂಗಾಳ ಇಟ್ಟೊಡನೆ ತಂದೆಯವರು ಮೊದಲ ರೊಟ್ಟಿಯಿಂದ ಒಂದು ಚೂರು ಮುರಿದು ಎದ್ದುಹೋಗುತ್ತಾರೆ. “ಬಾ ನನ್ನವ್ವ” ಎಂದು ಕರೆದು ಅದಕ್ಕೆ ಹಾಕಿ, ಕೈ ತೊಳೆದು ಬಂದು, ಆಮೇಲೆ ತುತ್ತು ಎತ್ತುತ್ತಾರೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಆತಕೂರಿನ ಕಾಳಿಯ ಶೌರ್ಯವನ್ನಷ್ಟೇ ನಾನು ಅವರಿಗೆ ಹೇಳಿದ್ದೆ. ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯನ್ನು ಹೇಳಿರಲಿಲ್ಲ.